ಐರ್ಲೆಂಡಿಗೆ ಬೇಕಾಗಿದ್ದ ಆರೋಗ್ಯವಂತ ರಕ್ತ

ಬೆಳಗಾವಿ: ಕೆಂಪು ದೀಪ

ಪರದೇಶಕ್ಕೆ ಹೋಗಿ ಬಂದವರ ಕಥೆ ವಿಮಾನ ಏರಿದಲ್ಲಿಂದ ಶುರುವಾಗುತ್ತದೆ. ನನ್ನದು ಬೆಳಗಾವಿಯ ಒಂದು ಸಿಗ್ನಲ್ಲಿನಿಂದ ಶುರುವಾಗಬೇಕು. ಅಲ್ಲಿ ಕೆಂಪು ದೀಪ ಉರಿಯುತ್ತಿದ್ದಾಗಲೇ ನಮ್ಮ ಜೀಪು ರಾಜಾರೋಷವಾಗಿ ನುಗ್ಗಿತು, ಹಿಂದಿನಿಂದ ಪೊಲೀಸಪ್ಪನ ಸೀಟಿ ಕೇಳಿಸಿತು, ನಾನೂ ಡ್ರೈವರ್ ದಸ್ತಗೀರನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

“ಏನೋ ದಸ್ತಗೀರ, ಕೆಂಪ ದೀಪ ಇತ್ತಲ್ಲೋ!”

“ಬೈಲಹೊಂಗಲದಾಗ ಸಿಗ್ನಲ್ ಎಲ್ಲೈತ್ರಿ ಸಾಹೇಬ್ರ? ನಮಗ ಎಮ್ಮಿ ಅಡ್ಡ ಬಂದ್ರ ನಿಂದ್ರೂದಷ್ಟ ಗೊತ್ತು.”

ನಾನು ಬೈಲಹೊಂಗಲದ ಕಡೆ ದನದ ಡಾಕ್ಟರ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕಂದು ರೋಗವನ್ನು ಪತ್ತೆ ಹಚ್ಚುವುದನ್ನು ಕಲಿತು ಬಾ ಎಂದು ನನ್ನನ್ನು ಐರ್ಲೆಂಡಿಗೆ ಕಳಿಸಲು ಇಲಾಖೆ ಮನಸ್ಸು ಮಾಡಿತ್ತು. ಕಂದು ರೋಗ ಎಂದರೆ ದನಗಳು ತಿಂಗಳು ತುಂಬುವ ಮೊದಲೇ ಕಂದು ಹಾಕುವ, ಅಂದರೆ ಗರ್ಭ ಕಳೆದುಕೊಳ್ಳುವ ರೋಗ. ಇಂಗ್ಲಿಷಿನಲ್ಲಿ ಬ್ರುಸೆಲ್ಲೋಸಿಸ್. ಹಸಿ ಹಾಲು ಕುಡಿದರೆ, ಈದ ಮೇಲೆ ಬೀಳುವ ಮಾಸುಚೀಲವನ್ನು ಬರಿಗೈಯಿಂದ ತೆಗೆದರೆ ಅದು ಮನುಷ್ಯನಿಗೂ ಅಂಟುತ್ತದೆ. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಓದಿ ಪಾಸಾಗಿದ್ದೆ. ಆದರೆ ಓದಿ ಪಾಸಾದ ರೋಗ ತನಗೇ ಬರಬಹುದು ಎಂದು ಯಾವ ಡಾಕ್ಟರಿಗೂ ಅನಿಸುವುದಿಲ್ಲ.

ದಸ್ತಗೀರ ಇಲಾಖೆಯ ಜೀಪಿನ ಡ್ರೈವರ್. ಹೆಸರಿಗೆ ಡ್ರೈವರ್, ಕೆಲಸಕ್ಕೆ ನನ್ನ ಬಲಗೈ. ಸಂಪಗಾಂವದಲ್ಲಿ ಆಕಳು ಕರು ಹಾಕಲಾರದೆ ಒದ್ದಾಡುತ್ತಿದ್ದರೆ ಹಗ್ಗ ಹಿಡಿದು ಜಗ್ಗುವವನು ಅವನೇ, ಸವದತ್ತಿ ಕಡೆ ಎಮ್ಮೆಯ ಮಾಸು ಬೀಳದಿದ್ದರೆ ಬಕೀಟು ಹಿಡಿದು ನಿಲ್ಲುವವನೂ ಅವನೇ. ಹಿಂದಿನ ವರ್ಷ ಅವನ ಬೆನ್ನು ಹಿಡಿದುಕೊಂಡಿತ್ತು. ಸಂಜೆಯಾದರೆ ಜ್ವರ, ಬೆವರು. ಬೆಳಗಾವಿಯ ದೊಡ್ಡ ಡಾಕ್ಟರು ಬೆನ್ನಿನ ಎಕ್ಸ್‌ರೇ ನೋಡಿ ಎಲುಬಿನ ಟಿ.ಬಿ. ಎಂದು ಗುಳಿಗೆ ಶುರು ಮಾಡಿದ್ದರು. ಒಂದು ವಾರ ಆರಾಮ, ಮುಂದಿನ ವಾರ ಮತ್ತೆ ನರಳಾಟ. ಆದರೂ ಸ್ಟೇರಿಂಗ್ ಮಾತ್ರ ಬಿಟ್ಟಿರಲಿಲ್ಲ. ಬೆಳಗಾವಿಯಿಂದ ಲಸಿಕೆ ತರುವ ಕೆಲಸವಿತ್ತು, ಅದೇ ಜೀಪಿನಲ್ಲಿ ನನ್ನನ್ನು ಮುಂಬೈ ಬಸ್ಸಿಗೆ ಮುಟ್ಟಿಸಲು ಬಂದಿದ್ದ.

ಬಸ್ ಬಿಡುವಾಗ ಕಿಟಕಿಯ ಹತ್ತಿರ ಬಂದು, “ಹುಷಾರ್ರೀ ಸಾಹೇಬ್ರ. ಅಲ್ಲಿ ದನಾನೂ ಇಂಗ್ಲಿಷ್ ತಿಳಕೊಂತಾವಂತ, ಬೈಯೂದಿದ್ರ ಕನ್ನಡದಾಗ ಬೈರಿ,” ಅಂದ. ಬೆನ್ನಿನ ಮೇಲೆ ಒಂದು ಕೈ ಇಟ್ಟುಕೊಂಡೇ ನಿಂತಿದ್ದ.

ಡಬ್ಲಿನ್: ಬೂಟುಗಳ ವಿಚಾರಣೆ

ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಕೆಂಪು ಮುಖದ ಅಧಿಕಾರಿಯೊಬ್ಬ ಕೇಳಿದ, ಇತ್ತೀಚೆಗೆ ಯಾವುದಾದರೂ ದನದ ಕೊಟ್ಟಿಗೆಗೆ ಹೋಗಿದ್ದೀರಾ ಎಂದು. ನಾನು ಎದೆಯುಬ್ಬಿಸಿ, ದಿನಾ ಹೋಗುತ್ತೇನೆ, ಅದೇ ನನ್ನ ಕೆಲಸ ಎಂದೆ. ನಮ್ಮ ಕಡೆ ಈ ಮಾತಿಗೆ ಒಂದು ಕುರ್ಚಿ ಮತ್ತು ಚಾ ಸಿಗುತ್ತದೆ. ಅಲ್ಲಿ ನನ್ನನ್ನು ಬೇರೆ ಕೋಣೆಗೆ ಕರೆದೊಯ್ದರು.

ಬೂಟು ಬಿಚ್ಚಿಸಿದರು. ಅಡಿಯಲ್ಲಿ ಅಂಟಿದ್ದ ಎರೆಮಣ್ಣನ್ನು ಒಬ್ಬ ಹುಡುಗಿ ಕೈಗವಸು ಹಾಕಿಕೊಂಡು ಚಮಚದಿಂದ ಕೆರೆದು ತೆಗೆದಳು, ಬಂಗಾರ ಕೆರೆದ ಹಾಗೆ. ಆಮೇಲೆ ಬೂಟಿಗೆ ಔಷಧದ ನೀರಿನ ಸ್ನಾನ ಆಯಿತು. ನಮ್ಮ ಮಣ್ಣಿನಿಂದ ಅವರ ದನಗಳಿಗೆ ಕಾಲುಬಾಯಿ ಬೇನೆ ಬರಬಾರದಲ್ಲ! ಪಾಪ, ಅವರು ಮಾಡಿದ್ದು ಸರಿಯೇ. ನಾನೇ ರೈತರಿಗೆ ಹೇಳಬೇಕಾದ ಪಾಠ ಅದು. ಆದರೂ ಸಾಕ್ಸಿನಲ್ಲಿ ನಿಂತು ಪಾಠ ಹೇಳಿಸಿಕೊಳ್ಳುವಾಗ ಸ್ವಲ್ಪ ಸಿಟ್ಟು ಬರುತ್ತದೆ.

ಬಳಿಕ ಚೀಲ ತೆರೆಸಿದರು. ಹೆಂಡತಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕರದಂಟು ಹೊರಬಂದವು. ಇದೇನು ಎಂದು ಕೆಂಪು ಮುಖದವನು ಚಟ್ನಿಯ ಡಬ್ಬಿಯನ್ನು ಮೂಗಿಗೆ ಹಿಡಿದ. ನಾನು ತಡೆಯುವಷ್ಟರಲ್ಲಿ ಉಸಿರು ಎಳೆದುಕೊಂಡಿದ್ದ. ಆಮೇಲೆ ಅವನ ಸೀನು ನಿಲ್ಲಲೇ ಇಲ್ಲ. ಕಣ್ಣೀರು ಒರೆಸಿಕೊಳ್ಳುತ್ತ, ಇದರಲ್ಲಿ ಯಾವ ರೋಗಾಣುವೂ ಬದುಕಿರುವುದು ಸಾಧ್ಯವಿಲ್ಲ, ಒಯ್ಯಿರಿ ಎಂದು ಕೈಬೀಸಿದ.

ನೋರೀನಳ ಮನೆ: ಚಾ ಮತ್ತು ಬಿಸಿನೀರಿನ ಚೀಲ

ನಾನಿದ್ದದ್ದು ದೇಶದ ಪಶ್ಚಿಮ ದಂಡೆಯ ಸಮೀಪದ ಒಂದು ಸಣ್ಣ ಊರು. ಕಲ್ಲಿನ ಗೋಡೆ, ಗೋಡೆಯಾಚೆ ಹುಲ್ಲು, ಹುಲ್ಲಿನಲ್ಲಿ ದನ. ನಮ್ಮಲ್ಲಿ ದನಗಳು ಹುಲ್ಲು ಹುಡುಕಿಕೊಂಡು ನಡೆಯುತ್ತವೆ, ಇಲ್ಲಿ ಹುಲ್ಲೇ ದನಗಳನ್ನು ಹುಡುಕಿಕೊಂಡು ಬಂದಂತಿತ್ತು. ಫೆಬ್ರವರಿಯ ಥಂಡಿ. ಮಳೆ ಬರುತ್ತಿದೆ ಎಂದು ಯಾರೂ ಹೇಳುತ್ತಿರಲಿಲ್ಲ, ನಿಂತರೆ ಮಾತ್ರ ಅದು ಸುದ್ದಿ.

ಅಲ್ಲಿಯ ರಸ್ತೆಯಲ್ಲಿ ಒಂದು ಚೆಂದದ ರೂಢಿ ಕಂಡೆ. ಎದುರು ಬರುವ ಪ್ರತಿ ಗಾಡಿಯವನೂ ಸ್ಟೇರಿಂಗಿನಿಂದ ತೋರುಬೆರಳನ್ನು ಮಾತ್ರ ಎತ್ತಿ ಇಳಿಸುತ್ತಾನೆ. ಗುರುತಿರಲಿ ಇಲ್ಲದಿರಲಿ, ಒಂದು ಬೆರಳಿನ ನಮಸ್ಕಾರ. ದಸ್ತಗೀರನಿಗೆ ಇದನ್ನು ಹೇಳಬೇಕು ಅಂದುಕೊಂಡೆ. ಅವನು ಎದುರಿನವನನ್ನು ಕಂಡರೆ ಜೀಪನ್ನೇ ನಿಲ್ಲಿಸಿ ಮನೆಮಂದಿಯ ಯೋಗಕ್ಷೇಮವನ್ನೆಲ್ಲ ಕೇಳುವವನು. ಯರಗಟ್ಟಿ ಮುಟ್ಟುವಷ್ಟರಲ್ಲಿ ನಮಗೆ ಅರ್ಧ ತಾಲೂಕಿನ ಸುದ್ದಿ ಗೊತ್ತಾಗಿರುತ್ತಿತ್ತು.

ಮನೆಯೊಡತಿ ನೋರೀನ್ ಎಂಬ ವಿಧವೆ, ನನ್ನ ತಾಯಿಯ ವಯಸ್ಸಿನವಳು. ಬಂದ ದಿನವೇ ಚಾ ಬೇಕೇ ಎಂದು ಕೇಳಿದಳು. ನಾನು ಸಂಕೋಚದಿಂದ ಬೇಡ ಎಂದೆ. ಪರದೇಶದಲ್ಲಿ ಬೇಡ ಎಂದರೆ ಬೇಡವೆಂದೇ ಅರ್ಥ ಎಂದು ಬಲ್ಲವರು ಎಚ್ಚರಿಸಿದ್ದರು, ಹೀಗಾಗಿ ಬಾಯಿಂದ ಮಾತು ಬಿದ್ದ ಕೂಡಲೇ ಚಾ ಹೋಯಿತಲ್ಲ ಎಂದು ಮರುಗಿದೆ. ಆದರೆ ನೋರೀನ್ ಮತ್ತೆ ಕೇಳಿದಳು. ನಾನು ಮತ್ತೆ ಬೇಡ ಎಂದೆ. ಮೂರನೆಯ ಸಲ ಕೇಳುವಾಗ ಕಪ್ಪು ಆಗಲೇ ನನ್ನ ಮುಂದಿತ್ತು, ಪಕ್ಕದಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡೂ ಇತ್ತು. ಅವಳು ಆಡುತ್ತಿದ್ದದ್ದು ಇಂಗ್ಲಿಷ್. ನನ್ನ ಕಿವಿಗೆ ಮಾತ್ರ ಅದು ಬೈಲಹೊಂಗಲದ ಕನ್ನಡವಾಗಿಯೇ ಕೇಳುತ್ತಿತ್ತು, ಅಲ್ಲಿಯವರೆಲ್ಲರ ಮಾತನ್ನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

“ಕುಡಿಯಪ್ಪಾ, ನಾಚಿಕೊಂಡ್ರ ಹೊಟ್ಟಿ ತುಂಬತೈತೇನು?”

ಪ್ರತಿಯಾಗಿ ನಾನು ಕರದಂಟು ಕೊಟ್ಟೆ. ಒಂದು ತುಂಡು ಬಾಯಿಗಿಟ್ಟುಕೊಂಡವಳು ಅಗಿಯುತ್ತಲೇ ಇದ್ದಳು. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಕರದಂಟಿನ ಅಂಟಿಗೆ ಅವಳ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಕಿತ್ತು ಬಂದಿತ್ತು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು. ಅವಳು ಹಲ್ಲು ತೊಳೆದು ಹಾಕಿಕೊಂಡು ಬಂದು, ಇನ್ನೊಂದು ತುಂಡು ಕೊಡು, ಈ ಸಲ ಚೀಪುತ್ತೇನೆ ಎಂದಳು. ಅಂದಿನಿಂದ ನಾವು ಗೆಳೆಯರಾದೆವು.

ನಾನು ಥಂಡಿಗೆ ಸಾಯಬಾರದೆಂದು ಅವಳು ಹಾಸಿಗೆಯಲ್ಲಿ ರಬ್ಬರಿನ ಬಿಸಿನೀರಿನ ಚೀಲ ಇಟ್ಟಿರುತ್ತಿದ್ದಳು. ಬೆಳಿಗ್ಗೆ ಏಳುವಾಗ ನನ್ನ ಅಂಗಿ, ಹಾಸಿಗೆಯ ಚಾದರ ಎಲ್ಲ ಬೆವರಿನಿಂದ ತೊಯ್ದಿರುತ್ತಿತ್ತು. ಚೀಲ ಸೋರುತ್ತಿದೆ ಎಂದು ನೋರೀನ್ ಹೊಸದನ್ನು ತಂದಳು. ಹೊಸದೂ ಸೋರಿತು. ಬೇರೆ ಅಂಗಡಿಯದು ತಂದಳು, ಅದೂ ಸೋರಿತು. ಅಂಗಡಿಯವನ ಜೊತೆ ಜಗಳವಾಡಿ ಬಂದಳು. ಸೋರುತ್ತಿದ್ದದ್ದು ಚೀಲವಲ್ಲ, ನಾನು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಊರಲ್ಲೂ ನನಗೆ ಹೀಗೆ ಬೆವರುತ್ತಿತ್ತು, ಸಂಜೆಗೆ ಕೀಲು ನೋಯುತ್ತಿದ್ದವು. ಅಲ್ಲಿ ಅದಕ್ಕೆ ಬಿಸಿಲು ಕಾರಣ, ಇಲ್ಲಿ ಬಿಸಿನೀರಿನ ಚೀಲ ಕಾರಣ. ಕಾರಣ ಸಿಕ್ಕಿಬಿಟ್ಟರೆ ಮನುಷ್ಯ ಆರಾಮವಾಗಿ ಇರುತ್ತಾನೆ.

ಕೊಟ್ಟಿಗೆ: ಕೆಲಸದ ಮೊದಲೇ ಬಕೀಟು

ನನ್ನ ಗುರು ಬ್ರೆಂಡನ್, ಸರಕಾರಿ ಪ್ರಯೋಗಾಲಯದ ದನದ ಡಾಕ್ಟರ. ಆರೂವರೆ ಅಡಿ ಆಳು, ಮಾತು ಕಡಿಮೆ. ಒಂದು ಮುಂಜಾನೆ ಕಂದು ಹಾಕಿದ ಆಕಳನ್ನು ನೋಡಲು ಕರೆದೊಯ್ದ. ಕೊಟ್ಟಿಗೆಯ ಬಾಗಿಲಲ್ಲೇ ಬಕೀಟು, ಬ್ರಷ್, ಔಷಧದ ನೀರು ಇದ್ದವು. ಬೂಟು ತಿಕ್ಕಿಕೊಂಡು ಒಳಗೆ, ತಿಕ್ಕಿಕೊಂಡು ಹೊರಗೆ. ಹೆಗಲವರೆಗೆ ಬರುವ ಕೈಗವಸು, ಅದರ ಮೇಲೆ ಇನ್ನೊಂದು.

ನನ್ನ ಚೀಲದಲ್ಲೂ ಇಲಾಖೆ ಕೊಟ್ಟ ಕೈಗವಸು ಇದ್ದವು. ಹೊಸತಾಗಿ ಸೇರಿದಾಗ ಸಂಪಗಾಂವದ ಒಬ್ಬ ಅಜ್ಜಿಯ ಆಕಳಿಗೆ ಮಾಸು ಬಿದ್ದಿರಲಿಲ್ಲ. ನಾನು ಕೈಗವಸು ಹಾಕಿಕೊಳ್ಳುತ್ತಿದ್ದೆ, ಅಜ್ಜಿ ನನ್ನ ಮುಂದೆ ಬಂದು ನಿಂತಳು.

“ಯಾಕ್ರೀ ಡಾಕ್ಟರ, ನಮ್ಮ ಗೌರವ್ವನ ಮೈ ಮುಟ್ಟಾಕ ನಿಮಗ ಹೇಸಿಗಿ ಆಕ್ಕೈತೇನು? ಹೇಸಿಗಿ ಆಗೂದಿದ್ರ ಮನಿಗೆ ಹೋಗ್ರಿ.”

ಆ ಮಾತಿಗೆ ಎದುರು ಹೇಳುವ ಗಂಡಸು ಈ ನಾಲ್ಕು ತಾಲೂಕಿನಲ್ಲಿ ಇಲ್ಲ. ರಾಮದುರ್ಗದಿಂದ ಕಿತ್ತೂರಿನವರೆಗೆ ಎಲ್ಲಿ ಹೋದರೂ ಆಕಳು ಮನೆಮಗಳು. ಅವಳನ್ನು ಪ್ಲಾಸ್ಟಿಕ್ಕಿನ ಕೈಯಿಂದ ಮುಟ್ಟುವುದು ಮನೆಯವರಿಗೇ ಅವಮಾನ. ಹೀಗಾಗಿ ನಾನೂ ದಸ್ತಗೀರನೂ ವರ್ಷಗಟ್ಟಲೆ ಬರಿಗೈಯಲ್ಲೇ ದುಡಿದೆವು. ಕೆಲಸ ಮುಗಿದ ಮೇಲೆ ಮನೆಯವರು ತಂಬಿಗೆ ನೀರು, ಹೊಸ ಸಾಬೂನು, ಟಾವೆಲ್ಲು ತರುತ್ತಿದ್ದರು. ಆಮೇಲೆ ಹಿತ್ತಾಳೆ ಲೋಟದ ತುಂಬ ನೊರೆಹಾಲು, ಆಗಷ್ಟೇ ಕರೆದದ್ದು. ಕಾಸಿದ್ದು ಬಂದ ಮಂದಿಗೆ, ಹಸಿಯದ್ದು ಮನೆಗೆ ಬೇಕಾದವರಿಗೆ. ಇಬ್ಬರೂ ಮೀಸೆ ಬೆಳ್ಳಗೆ ಮಾಡಿಕೊಂಡು ಕುಡಿಯುತ್ತಿದ್ದೆವು.

ಆ ಐರಿಷ್ ರೈತನನ್ನು ಬ್ರೆಂಡನ್ ಕೇಳಿದ, ಮನೆಗೆ ಹಾಲು ಕಾಸುತ್ತೀರಿ ತಾನೇ? ರೈತ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ನಮ್ಮಪ್ಪ ಹಸಿ ಹಾಲ ಕುಡದ ತೊಂಬತ್ತ ವರ್ಷ ಬಾಳ್ಯಾನ ನೋಡಪಾ.” ನಾನು ಜೋರಾಗಿ ನಕ್ಕುಬಿಟ್ಟೆ. ಸವದತ್ತಿ ತಾಲೂಕಿನಲ್ಲಿ ಇದೇ ಅಪ್ಪ ಎಷ್ಟೋ ಮನೆಗಳಲ್ಲಿ ಇದೇ ಹಾಲು ಕುಡಿದು ಇಷ್ಟೇ ವರ್ಷ ಬಾಳಿದ್ದಾನೆ.

ಪ್ರಯೋಗಾಲಯ: ಬಿಳಿ ಹಂಚು

ಕಂದು ರೋಗ ಪತ್ತೆಯ ಮೊದಲ ಪರೀಕ್ಷೆ ಬಹಳ ಸರಳ. ಬಿಳಿ ಹಂಚಿನ ಮೇಲೆ ರಕ್ತದ ತಿಳಿಯ ಒಂದು ಹನಿ, ಪಕ್ಕದಲ್ಲಿ ಗುಲಾಬಿ ಬಣ್ಣದ ಔಷಧದ ಒಂದು ಹನಿ. ಎರಡನ್ನೂ ಕಲಸಿ ಹಂಚನ್ನು ತೂಗಬೇಕು. ರೋಗದ ಸಂಪರ್ಕವಿಲ್ಲದ ರಕ್ತವಾದರೆ ಗುಲಾಬಿ ನೀರು ನೀರಾಗಿಯೇ ಇರುತ್ತದೆ. ಸಂಪರ್ಕ ಆಗಿದ್ದರೆ ಒಡೆದ ಹಾಲಿನಂತೆ ಹರಳು ಹರಳಾಗುತ್ತದೆ.

ಒಂದು ದಿನ ಬ್ರೆಂಡನ್ ತರಬೇತಿಗೆ ಬಂದವರಿಗೆ ಮನುಷ್ಯರ ರಕ್ತದಲ್ಲೇ ಎರಡನ್ನೂ ತೋರಿಸಬೇಕೆಂದ. ಒಡೆಯುವ ರಕ್ತಕ್ಕೆ ಕೊರತೆಯಿರಲಿಲ್ಲ. ಒಡೆಯದ ರಕ್ತಕ್ಕೇ ಪೇಚಾಟ. ಅಲ್ಲಿ ಕೆಲಸ ಮಾಡುವವರು ಒಬ್ಬೊಬ್ಬರೂ ಒಂದಲ್ಲ ಒಂದು ಸಲ ರೋಗಾಣುವಿಗೆ ಕೈಯಿಟ್ಟವರು, ಅವರ ರಕ್ತ ನಂಬಿಕೆಗೆ ಯೋಗ್ಯವಲ್ಲ. “ಯಾರರ ಆರೋಗ್ಯವಂತರು ಅದೀರೇನು?” ಎಂದು ಬ್ರೆಂಡನ್ ಸುತ್ತ ನೋಡಿದ.

ನಾನು ತೋಳು ಮಡಚಿಕೊಂಡು ಮುಂದೆ ಬಂದೆ. ಜೋಳದ ರೊಟ್ಟಿ ತಿಂದ ರಕ್ತ, ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಿ ಎಂದು ಸಣ್ಣ ಭಾಷಣವನ್ನೂ ಮಾಡಿದೆ. ದೇಶದ ಮಾನ ನನ್ನ ತೋಳಿನಲ್ಲಿದೆ ಅನಿಸಿತ್ತು.

ಬ್ರೆಂಡನ್ ಹನಿ ಕಲಸಿದ. ಹಂಚು ತೂಗಿದ. ಗುಲಾಬಿ ನೀರು ಕಣ್ಣೆದುರೇ ಒಡೆಯಿತು. ಅವನು ಇನ್ನೊಂದು ಹಂಚು ತೊಳೆದು ಮತ್ತೆ ಹಾಕಿದ. ಅದೂ ಒಡೆಯಿತು. ಸುತ್ತಲಿನವರು ನನ್ನ ಮುಖ ನೋಡುತ್ತಿದ್ದರು, ನಾನು ಹಂಚನ್ನು ನೋಡುತ್ತಿದ್ದೆ. ಬಿಸಿನೀರಿನ ಚೀಲಗಳು ಒಂದೊಂದಾಗಿ ನೆನಪಾದವು.

“ಸಂಜಿಮುಂದ ಮೈಕೈ ನೋಯ್ತಾವೇನು? ಮಲಗಿದಾಗ ಬೆವರತೀಯೇನು?” ಬ್ರೆಂಡನ್ ಮೆಲ್ಲಗೆ ಕೇಳಿದ. ಹೌದು ಎಂದೆ. ಅವನು ಉದ್ದನೆಯ ಕೈಯನ್ನು ನನ್ನ ಹೆಗಲ ಮೇಲೆ ಹಾಕಿ, “ಬಾ, ನಮ್ಮ ಸಂಘಕ್ಕ ಸೇರಿದಿ,” ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಊರ ದವಾಖಾನೆ: ಕಿತ್ತಳೆ ಸರಬತ್ತು

ನೋರೀನಳ ಊರಿನ ಡಾಕ್ಟರಮ್ಮ ನನ್ನನ್ನು ಪರೀಕ್ಷಿಸಿದಳು, ಬೇರೆ ಪರೀಕ್ಷೆಗೂ ರಕ್ತ ಕಳಿಸಿದಳು. ಅದರಲ್ಲೂ ಅದೇ ಉತ್ತರ ಬಂತು. ಗಾಬರಿಯಾಗಬೇಡ, ಇದು ಗುಣವಾಗುವ ರೋಗ, ವಾರಗಟ್ಟಲೆ ಬಿಡದೆ ಗುಳಿಗೆ ನುಂಗಬೇಕು ಅಷ್ಟೇ ಎಂದಳು. ಎರಡು ಬಗೆಯ ಗುಳಿಗೆ ಕೊಟ್ಟು, “ಇದನ್ನ ನುಂಗಿದ ಮ್ಯಾಲ ಮೂತ್ರ ಕಿತ್ತಳಿ ಬಣ್ಣ ಆಗತೈತಿ, ಹೆದರಬ್ಯಾಡ,” ಎಂದಳು.

ನನಗೆ ನಗು ಬಂತು. “ನಮ್ಮ ಡ್ರೈವರನೂ ಹೋದ ವರ್ಷ ಹಿಂಗ ಹೇಳ್ತಿದ್ದ. ಮೂತ್ರ ಕಿತ್ತಳಿ ಸರಬತ್ತು ಆಗೈತ್ರಿ, ಮಾರಿದ್ರ ನಡೀತೈತಿ ಅಂತ.”

ಡಾಕ್ಟರಮ್ಮ ನಗಲಿಲ್ಲ. ಅವನಿಗೇನು ರೋಗ ಎಂದು ಕೇಳಿದಳು. ಬೆನ್ನೆಲುಬಿನ ಟಿ.ಬಿ. ಎಂದೆ. ಅವನು ಏನು ಕೆಲಸ ಮಾಡುತ್ತಾನೆ? ಜೀಪು ಓಡಿಸುತ್ತಾನೆ, ನನ್ನ ಜೊತೆ ಕರು ಜಗ್ಗುತ್ತಾನೆ. ಹಾಲು? ನನ್ನ ಜೊತೆಗೇ ಕುಡಿಯುತ್ತಾನೆ. ಕಂದು ರೋಗ ಬೆನ್ನೆಲುಬಿಗೆ ಇಳಿದರೆ ಎಕ್ಸ್‌ರೇಯಲ್ಲಿ ಟಿ.ಬಿ.ಯಂತೆಯೇ ಕಾಣಬಹುದು ಎಂದು ಅವಳು ಹೇಳಿದಳು. ಮೂತ್ರ ಕಿತ್ತಳೆ ಮಾಡುವ ಆ ಗುಳಿಗೆ ಎರಡೂ ರೋಗಕ್ಕೆ ನಡೆಯುತ್ತದೆ. ಹಾಗಾಗಿ ಸ್ವಲ್ಪ ಆರಾಮ ಕಾಣಬಹುದು, ಆದರೆ ಕಂದು ರೋಗಕ್ಕೆ ಅದರ ಜೊತೆ ಬೇರೆ ಗುಳಿಗೆ ಬೇಕು.

“ಇನ್ನೊಂದು ಮಾತು. ಟಿ.ಬಿ.ಗೆ ಕೊಡೂ ಗುಳಿಗಿ ಒಳಗ ಒಂದು ಕೆಲವರ ಕಣ್ಣಿನ ನರಕ್ಕ ಪೆಟ್ಟು ಕೊಡತೈತಿ. ಮೊದಲ ಕೆಂಪು ಹಸರ ಗೊತ್ತಾಗದಂಗ ಆಗತೈತಿ. ಲಗೂನ ನಿಲ್ಲಿಸಿದ್ರ ಕಣ್ಣು ಬರತಾವ. ತಡಾ ಆದ್ರ ಕಷ್ಟ. ಅವನ ಕಣ್ಣು ಹೆಂಗದಾವ?”

ಬೆಳಗಾವಿಯ ಸಿಗ್ನಲ್ಲು ನೆನಪಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕದ್ದೂ ನೆನಪಾಯಿತು. ನನ್ನ ರೋಗ ನನಗೆ ಮರೆತೇ ಹೋಯಿತು.

ನೋರೀನಳ ಅಡುಗೆಮನೆ: ಎರಡು ಮೆಣಸಿನಕಾಯಿ

ದಸ್ತಗೀರನ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮಲ್ಲಪ್ಪನ ಹಿಟ್ಟಿನ ಗಿರಣಿಯಲ್ಲಿತ್ತು, ಓಣಿಗೆಲ್ಲ ಅದೇ ಫೋನು. ಪೇಟೆಯ ಫೋನ್ ಡಬ್ಬಿಗೆ ಹೊರಟ ನನ್ನನ್ನು ನೋರೀನ್ ತಡೆದು, ಅಡುಗೆಮನೆಯ ಗೋಡೆಯ ಫೋನು ತೋರಿಸಿದಳು. ಬಿಲ್ಲಿನ ಮಾತೆತ್ತಿದರೆ ನಾಳೆಯಿಂದ ಚಾ ಬಂದ್ ಎಂದಳು. ಐರ್ಲೆಂಡಿನಲ್ಲಿ ಮಧ್ಯಾಹ್ನ, ಅಂದರೆ ಬೈಲಹೊಂಗಲದಲ್ಲಿ ಸಂಜೆ, ಗಿರಣಿಗೆ ಜಾತ್ರೆಯಂತೆ ಜನ ಸೇರುವ ಹೊತ್ತು. ಹಿಂದೆ ಗಿರಣಿಯ ಧಡಧಡ ಸದ್ದು, ಮುಂದೆ ಮಲ್ಲಪ್ಪನ ಕೂಗು.

“ಡಾಕ್ಟರ ಸಾಹೇಬ್ರ! ಆರಾಮ ಅದೀರಿ? ಅಲ್ಲಿ ಗಿರಣಿ ಅದಾವೇನ್ರಿ? ಜ್ವಾಳ ಬೆಳೀತಾರೇನ್ರಿ?”

“ಆಮ್ಯಾಲ ಹೇಳ್ತೇನಿ ಮಲ್ಲಪ್ಪ. ಮೊದಲ ದಸ್ತಗೀರನ್ನ ಕರಸು. ಮತ್ತ ಒಂದು ಹಸರ ಮೆಣಸಿನಕಾಯಿ, ಒಂದು ಕೆಂಪ ಹಣ್ಣ ಮೆಣಸಿನಕಾಯಿ ಕೈಯಾಗ ಹಿಡಕೊ.”

ಮಲ್ಲಪ್ಪ ಯಾಕೆ ಎಂದು ಕೇಳಲಿಲ್ಲ. ಯಾರೋ ರಂಜಕದ ಚಟ್ನಿ ಅರೆಯಲೆಂದು ತಂದ ಹಣ್ಣು ಮೆಣಸಿನಕಾಯಿ ಅಲ್ಲೇ ಇದ್ದವಂತೆ, ಹಸಿರನ್ನು ಅವನ ಹೆಂಡತಿ ಒಳಗಿನಿಂದ ತಂದಳಂತೆ. ದಸ್ತಗೀರ ಬರಲು ಹೊತ್ತಾಯಿತು. ಬೆನ್ನು ಹಿಡಿದುಕೊಂಡು ಬರಬೇಕಲ್ಲ.

“ಸಾಹೇಬ್ರ, ಸಲಾಮ್ರಿ. ದನಾ ಇಂಗ್ಲಿಷ್ ಮಾತಾಡತಾವೇನ್ರಿ?”

“ದಸ್ತಗೀರ, ಮಲ್ಲಪ್ಪನ ಕೈಯಾಗಿನ ಮೆಣಸಿನಕಾಯಿ ನೋಡು. ಕೆಂಪಂದು ಯಾವ ಕೈಯಾಗೈತಿ ಹೇಳು.”

ಗಿರಣಿ ಧಡಧಡ ಅನ್ನುತ್ತಿತ್ತು. ನೋರೀನ್ ಕೈಯಲ್ಲಿ ಚಾದ ಕಪ್ಪು ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದಳು. ಆ ಕಡೆಯಿಂದ ಮಲ್ಲಪ್ಪ, “ಲೇ, ಹೇಳೋ ಮಾರಾಯಾ, ಚ್ಯಾಷ್ಟಿ ಮಾಡಬ್ಯಾಡ,” ಎಂದದ್ದು ಕೇಳಿತು. ಬಳಿಕ ಯಾರೋ ಗಿರಣಿ ನಿಲ್ಲಿಸಿದರು. ಪಟ್ಟಾ ತಿರುಗಿ ತಿರುಗಿ ಸುಮ್ಮನಾಯಿತು.

“ಎರಡೂ ಒಂದ ಥರಾ ಅದಾವ್ರಿ ಸಾಹೇಬ್ರ,” ದಸ್ತಗೀರನ ದನಿ ಸಣ್ಣಗಾಗಿತ್ತು. “ಹುಣಸಿಹಣ್ಣಿನ ಬಣ್ಣ. ನನಗ ಗೊತ್ತೈತ್ರಿ. ದೀಪಾವಳಿ ಆದಾಗಿಂದ ಹಿಂಗ ಆಗೈತಿ.”

“ಡಾಕ್ಟರ ಮುಂದ ಯಾಕ ಹೇಳಲಿಲ್ಲೋ?”

“ಅವರು ಪ್ರತಿ ಸಲ ಕೇಳ್ತಿದ್ರು. ನಾನ ಚಲೋ ಅದಾವ ಅಂತಿದ್ದೆ. ಕಣ್ಣ ಹೋತಂದ್ರ ಸ್ಟೇರಿಂಗ್ ಹೋತ್ರಿ. ನನಗ ಬ್ಯಾರೆ ಏನ ಬರತೈತಿ? ನೀವೂ ಯಾರಿಗೂ ಹೇಳಬ್ಯಾಡ್ರಿ ಸಾಹೇಬ್ರ, ನಿಮ್ಮ ಕಾಲ ಬೀಳ್ತೇನಿ.”

ಗಿರಣಿ ನಿಲ್ಲಿಸಿದ್ದರಿಂದ ಓಣಿಯೆಲ್ಲ ಅದನ್ನು ಕೇಳಿಸಿಕೊಂಡಿತ್ತು. ನನಗೆ ದುಃಖ ಉಕ್ಕಿ ಬಂತು. ಸಿಟ್ಟೂ ಬಂತು. ಗಟ್ಟಿಯಾಗಿಯೇ ಬೈದೆ, ಕನ್ನಡದಲ್ಲಿ, ಅವನು ಹೇಳಿಕೊಟ್ಟಿದ್ದ ಹಾಗೆಯೇ. ನಿನ್ನ ರೋಗ ಬೇರೆಯೇ ಇರಬಹುದು, ಅದೇ ರೋಗ ನನಗೂ ಇದೆ, ನೀನಾಗಿ ಗುಳಿಗೆ ಬಿಡಬೇಡ, ನಾಳೆ ಮುಂಜಾನೆ ಅದೇ ಬೆಳಗಾವಿ ಡಾಕ್ಟರ ಹತ್ತಿರ ಹೋಗಿ ಕಣ್ಣಿನ ಮಾತು ಹೇಳು, ಕಂದು ರೋಗದ ರಕ್ತಪರೀಕ್ಷೆ ಮಾಡಿರೆಂದು ಕೇಳು ಎಂದೆ. ಫೋನು ಮಲ್ಲಪ್ಪನ ಕೈಗೆ ಹೋಯಿತು.

“ಸಾಹೇಬ್ರ, ನಾಳೆ ಗಿರಣಿ ಬಂದ್ ಇಡ್ತೇನ್ರಿ. ನಾನ ಅವನ್ನ ಎಳಕೊಂಡ ಹೋಗ್ತೇನಿ. ಬರಲಿಲ್ಲಂದ್ರ ಜ್ವಾಳದ ಚೀಲದಾಗ ಹಾಕ್ಕೊಂಡ ಒಯ್ತೇನಿ.”

ಫೋನು ಇಟ್ಟಾಗ ನೋರೀನ್ ಏನೂ ಕೇಳದೆ ಚಾ ಕೊಟ್ಟಳು. ಬೇಡ ಎನ್ನುವುದನ್ನು ನಾನು ಅವತ್ತು ಮರೆತೆ. ಅವಳಿಗೆ ಎಲ್ಲ ಹೇಳಿದ ಮೇಲೆ ಅವಳು ಉಣ್ಣೆಯ ಬುಟ್ಟಿ ತೆಗೆದು ಕೂತಳು. ನಿನ್ನ ಡ್ರೈವರನಿಗೆ ಒಂದು ಮಫ್ಲರ್ ಹೆಣೆಯುತ್ತೇನೆ ಎಂದಳು. ಅವಳು ಆರಿಸಿದ್ದು ಗಾಢ ಹಸಿರು, ಅವರ ಹುಲ್ಲಿನ ಹಸಿರು. ಅದನ್ನೇ ಯಾಕೆ ಎಂದೆ.

“ಇವತ್ತ ಕಾಣದಿದ್ರ ಏನಾತು? ಒಂದ ದಿನ ಕಾಣಬೇಕಲ್ಲ.”

ಮತ್ತೆ ಬೈಲಹೊಂಗಲ

ನಾನು ಮರಳಿ ಬಂದಾಗ ಬೆಳಗಾವಿಗೆ ಬೇರೆ ಡ್ರೈವರ್ ಜೀಪು ತಂದಿದ್ದ. ದಸ್ತಗೀರ ಪಕ್ಕದಲ್ಲಿ ಕೂತು, ಇಲ್ಲಿ ಗೇರ್ ಹಾಕು, ಅಲ್ಲಿ ಹಾರ್ನ್ ಹೊಡಿ ಎಂದು ಅವನ ಜೀವ ತಿನ್ನುತ್ತಿದ್ದ. ಮಲ್ಲಪ್ಪ ಮಾತಿನಂತೆ ನಡೆದುಕೊಂಡಿದ್ದ. ಬೆಳಗಾವಿಯ ಡಾಕ್ಟರು ಕಣ್ಣಿಗೆ ಪೆಟ್ಟು ಕೊಡುವ ಗುಳಿಗೆಯನ್ನು ಅಂದೇ ನಿಲ್ಲಿಸಿದ್ದರು, ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರು. ಕಂದು ರೋಗವೇ. ಈಗ ಅವನೂ ನಾನೂ ಒಂದೇ ಗುಳಿಗೆಯ ಗಿರಾಕಿಗಳು. ಬೆನ್ನು ನೆಟ್ಟಗಾಗುತ್ತ ಬಂದಿತ್ತು. ಕಣ್ಣು ಮಾತ್ರ ಹಾಗೇ ಇತ್ತು.

ಮಫ್ಲರ್ ಕೊಟ್ಟೆ. ಬಿಚ್ಚಿ ನೋಡಿ, “ಚಲೋ ಐತ್ರಿ. ಮಣ್ಣಿನ ಬಣ್ಣ, ಹೊಲಸಾದ್ರೂ ಗೊತ್ತಾಗೂದಿಲ್ಲ,” ಎಂದ. ಅದು ಹಸಿರೆಂದು ನಾನು ಹೇಳಹೋಗಲಿಲ್ಲ. ಬೇಸಿಗೆಯಾದ್ದರಿಂದ ಅವನ ಹೆಂಡತಿ ಅದನ್ನು ಟ್ರಂಕಿನಲ್ಲಿಟ್ಟಳು.

ಅಂದಿನಿಂದ ಮಲ್ಲಪ್ಪನ ಗಿರಣಿಯಲ್ಲಿ ಒಂದು ಹೊಸ ಪದ್ಧತಿ ಬಿತ್ತು. ದಿನಾ ಮುಂಜಾನೆ ಗಿರಣಿ ಶುರು ಮಾಡುವ ಮೊದಲು ಮಲ್ಲಪ್ಪ ಎರಡು ಕೈಯಲ್ಲಿ ಎರಡು ಮೆಣಸಿನಕಾಯಿ ಹಿಡಿದು ನಿಲ್ಲುವುದು, ದಸ್ತಗೀರ ಹೇಳುವುದು. ಹಣ್ಣು ಮೆಣಸಿನಕಾಯಿ ಸಿಗದ ದಿನ ಮಲ್ಲಪ್ಪನ ಹೆಂಡತಿಯ ಕೆಂಪು ಬಳೆ, ಹಸಿರು ಬಳೆ. ತಪ್ಪಿದರೆ ಹಿಟ್ಟಿಗೆ ಬಂದ ಹೆಂಗಸರು, “ಇರ್ಲಿ ತಗೋ ತಮ್ಮಾ, ನಾಳೆ ಆಕ್ಕೈತಿ,” ಎನ್ನುತ್ತಿದ್ದರು. ಊಹಿಸಿ ಹೇಳಿದರೆ ಅದೇ ಹೆಂಗಸರು ಬೈಯುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ತಪ್ಪುಗಳು ಕಡಿಮೆಯಾದವು, ಆಮೇಲೆ ನಿಂತವು. ಕಣ್ಣಿನ ಡಾಕ್ಟರೂ ನೋಡಿ ಒಪ್ಪಿದ ಮೇಲೆ ಜೀಪಿನ ಕೀಲಿ ಅವನ ಕೈಗೆ ಬಂತು.

ನಾನೂ ಸಂಪಗಾಂವದ ಅಜ್ಜಿಯ ಮನೆಗೆ ಕೈಗವಸು ಹಿಡಿದುಕೊಂಡೇ ಹೋದೆ. ಅವಳು ಬಾಯಿ ತೆರೆಯುವ ಮೊದಲೇ, “ಅವ್ವಾ, ನನ್ನ ಕೈ ಹತ್ತು ಕೊಟ್ಟಿಗಿ ಮುಟ್ಟಿ ಬಂದೈತಿ, ಗೌರವ್ವಗ ಹೊಲಸ ಹತ್ತಬಾರದು,” ಎಂದೆ. ಅಜ್ಜಿ ಯೋಚಿಸಿ, “ಹಂಗಾರ ಎರಡ ಹಾಕ್ಕೊರಿ,” ಎಂದಳು. ಹಾಲನ್ನು ಮಾತ್ರ ಕಾಸಿಕೊಡಿ ಎಂದದ್ದಕ್ಕೆ ಅವಳಿಗೆ ಇನ್ನೂ ಬೇಜಾರಿದೆ.

ಮೊದಲ ಥಂಡಿ ಬಿದ್ದ ದಿನ ಲಸಿಕೆ ತರಲು ಬೆಳಗಾವಿಗೆ ಹೋಗುವುದಿತ್ತು. ದಸ್ತಗೀರ ಕೊರಳಿಗೆ ಮಫ್ಲರ್ ಸುತ್ತಿಕೊಂಡು ದವಾಖಾನೆಯ ಬಾಗಿಲಲ್ಲಿ ನಿಂತಿದ್ದ.

“ಸಾಹೇಬ್ರ, ಟ್ರಂಕ್ ತಗದು ನೋಡ್ತೇನಿ, ಆ ಅವ್ವಾರು ಹಸರ ಹೆಣದಾರ! ನೀವು ಒಂದ ದಿನರ ಹೇಳಬೇಕಿಲ್ಲೋ?”

“ನೀನ ನನಗ ಹೇಳ್ಲಿ ಅಂತ ಕಾಯ್ತಿದ್ದೆ,” ಎಂದೆ. ಅವನು ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡು ಜೀಪು ಶುರು ಮಾಡಿದ. ದಾರಿಯುದ್ದಕ್ಕೂ ಎದುರು ಬಂದವರಿಗೆಲ್ಲ ಒಂದು ಬೆರಳೆತ್ತಿದ. ನಾನೇ ಕಲಿಸಿದ್ದು. ಯಾರಿಗೂ ಅರ್ಥವಾಗಲಿಲ್ಲ.

ಬೆಳಗಾವಿಯ ಅದೇ ಸಿಗ್ನಲ್ಲು ಬಂತು. ಕೆಂಪು ಹತ್ತಿತ್ತು. ದಸ್ತಗೀರ ಗೆರೆಯ ಬಹಳ ಹಿಂದೆಯೇ ನಿಂತ. ಅಡ್ಡ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ದೀಪ ಬದಲಾಯಿತು, ಜೀಪು ಅಲುಗಲಿಲ್ಲ. ಹಿಂದಿನ ಲಾರಿಯವನು ಹಾರ್ನ್ ಬಾರಿಸತೊಡಗಿದ.

“ನಡಿಯೋ ದಸ್ತಗೀರ, ಹಸರ ಬಂತು.”

“ಕಂಡೈತ್ರಿ ಸಾಹೇಬ್ರ. ಸ್ವಲ್ಪ ತಡೀರಿ.”

ಲಾರಿಯವನು ಇಳಿದು ಬಂದು ಬೈಯುವವರೆಗೂ ಅವನು ದೀಪವನ್ನೇ ನೋಡುತ್ತ ಕೂತಿದ್ದ. ಆಮೇಲೆ ಮಫ್ಲರಿನ ತುದಿಯನ್ನು ಎತ್ತಿ ಗಾಜಿಗೆ ಹಿಡಿದು, ಅದನ್ನೊಮ್ಮೆ ಇದನ್ನೊಮ್ಮೆ ನೋಡಿ, “ಆ ಅವ್ವಾರ ಹಸರನ ಚಲೋ ಐತ್ರಿ,” ಎಂದು ಗಾಡಿ ಬಿಟ್ಟ.